ಯಾರ್ಕಿ ಮರಿ ಎಷ್ಟು ದೊಡ್ಡದಾಗುತ್ತದೆ? ಹಲ್ಲು, ತೂಕ, ವಂಶ ನೋಡಿ ಅಳೆಯುವ ಬಗೆ

ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ‘ಟೀಕಪ್ ಯಾರ್ಕಿ’ ಎಂಬ ಅತಿ ಚಿಕ್ಕ ನಾಯಿಮರಿ ತರಿಸಬೇಕೆಂದಿರುವ ಕಲಬುರಗಿ, ಬೀದರ್, ಯಾದಗಿರಿಯವರು ಮುಂಗಡ ಕೊಡುವ ಮುಂಚೆ ಒಂದು ಮಾತು ತಿಳಿದಿರಲಿ. ಟೀಕಪ್ ಎಂಬ ತಳಿ ಇಲ್ಲ. ಇರುವುದು ಯಾರ್ಕ್‌ಷೈರ್ ಟೆರಿಯರ್, ಅಂದರೆ ಯಾರ್ಕಿ, ಒಂದೇ. ಅದರ ತಳಿ ಮಾನದಂಡ ಹೇಳುವುದು ಗರಿಷ್ಠ ತೂಕ 3.2 ಕೆಜಿ ಎಂದು ಮಾತ್ರ. ಎತ್ತರದ ಅಳತೆಯೂ ಇಲ್ಲ, ಕನಿಷ್ಠ ತೂಕವೂ ಇಲ್ಲ. ಚಿಕ್ಕದಾದಷ್ಟೂ ಹೆಚ್ಚು ಬೆಲೆ ಕೇಳುವ ವ್ಯಾಪಾರ ಹುಟ್ಟಿಕೊಂಡಿರುವುದು ಈ ಸಂದಿನಲ್ಲೇ.

ಮೊದಲು ವಯಸ್ಸು ಖಚಿತ ಮಾಡಿಕೊಳ್ಳಿ. ಆರು ವಾರದ ಮರಿಯನ್ನು ಮೂರು ತಿಂಗಳದ್ದೆಂದು ತೋರಿಸಿದರೆ ಯಾವ ಮರಿಯೂ ಟೀಕಪ್ಪೇ. ಹೆಬ್ಬೆರಳಿನಿಂದ ಮೇಲ್ದುಟಿ ಸರಿಸಿ, ಒಸಡಿನ ಹಿಂಭಾಗದವರೆಗೂ ನೋಡಿ. ಹಾಲು ಹಲ್ಲುಗಳು ಒಟ್ಟು 28. ಮುಂದಿನವು, ಕೋರೆ ಹಲ್ಲುಗಳು ಮೊದಲು ಮೂಡುತ್ತವೆ. ಹಿಂದಿನವು ಎಂಟು ವಾರದ ಹೊತ್ತಿಗೆ ತುಂಬುತ್ತವೆ, ಸಣ್ಣ ತಳಿಗಳಲ್ಲಿ ಒಂದೆರಡು ವಾರ ತಡವಾಗಬಹುದು. ಹಿಂದೆ ಒಸಡು ಖಾಲಿಯಿದ್ದರೆ ‘ಮೂರು ತಿಂಗಳು’ ಎಂಬ ಮಾತು ನಂಬಬೇಡಿ. ಮುಂದಿನ ಹಾಲು ಹಲ್ಲು ಬೀಳತೊಡಗುವುದು ಸುಮಾರು ನಾಲ್ಕನೇ ತಿಂಗಳಿನಲ್ಲಿ. ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ನಿಷಿದ್ಧ. ಮಾರುವ ಮುಂಚೆ ಮೈಕ್ರೋಚಿಪ್ (ಚರ್ಮದಡಿಯ ಗುರುತಿನ ಚಿಪ್) ಹಾಕಿಸಿರುವುದೂ ಕಡ್ಡಾಯ.

ವಯಸ್ಸು ಗೊತ್ತಾದ ಮೇಲೆ ತೂಕ. ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ ಸಾಕು. ಶಹಾಬಾದ್ ಕಲ್ಲಿನ ನೆಲ ಎಲ್ಲಿ ಸಮವಾಗಿದೆಯೋ ಅಲ್ಲಿ ಯಂತ್ರವಿಟ್ಟು, ಬುಟ್ಟಿಯಲ್ಲಿ ಬಟ್ಟೆ ಹಾಸಿ ಸೊನ್ನೆಗೆ ತಂದು, ಮರಿಯನ್ನು ಕೂರಿಸಿ. ವಾರಕ್ಕೊಮ್ಮೆ, ಬೆಳಿಗ್ಗೆ ಉಣಿಸುವ ಮುಂಚೆ, ಅದೇ ಯಂತ್ರದಲ್ಲಿ ತೂಗಿ ಬರೆದಿಡಿ. 12 ವಾರದ ತೂಕವನ್ನು ಎರಡರಿಂದ ಗುಣಿಸಿದರೆ ಬೆಳೆದ ನಾಯಿಯ ತೂಕ ಹೆಚ್ಚುಕಡಿಮೆ ಸಿಗುತ್ತದೆ: 900 ಗ್ರಾಂ ಇದ್ದದ್ದು 1.8 ಕೆಜಿ, 1.4 ಕೆಜಿ ಇದ್ದದ್ದು 2.8 ಕೆಜಿ. ಇದು ಅಂದಾಜು, ಕರಾರಲ್ಲ. ಅರ್ಧ ಕೆಜಿ ಆಚೀಚೆ ಸಹಜ. ಎಂಟು ವಾರದ ತೂಕಕ್ಕೆ ಈ ಲೆಕ್ಕ ಹಾಕಿದರೆ ಉತ್ತರ ಕಡಿಮೆ ಬರುತ್ತದೆ, ಎಷ್ಟೋ ಜನ ಎಡವುವುದು ಇಲ್ಲೇ. ಮೈಕಟ್ಟು ಹತ್ತು–ಹನ್ನೆರಡು ತಿಂಗಳಿಗೆ ನಿಲ್ಲುತ್ತದೆ. ಆಮೇಲೆ ಏರುವ ತೂಕ ಬಹುಮಟ್ಟಿಗೆ ಕೊಬ್ಬು. ಬೆರಳಿನಿಂದ ಹಗುರವಾಗಿ ಸವರಿದಾಗ ಪಕ್ಕೆಲುಬು ಸಿಗಬೇಕು.

ಅಪ್ಪ ಅಮ್ಮ ಎರಡೂ ಎರಡೂವರೆ ಕೆಜಿ, ಆದರೂ ಒಂದೇ ಸೂಲಿನಲ್ಲಿ ಒಂದು ಮರಿ ಎರಡು ಕೆಜಿಗೆ ನಿಂತು ಇನ್ನೊಂದು ನಾಲ್ಕೂವರೆ ದಾಟಬಹುದು. ಇದು ಮೋಸವೇ ಆಗಿರಬೇಕೆಂದಿಲ್ಲ. ಈ ತಳಿ ಬೆಳೆದದ್ದು 19ನೇ ಶತಮಾನದಲ್ಲಿ, ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ. ಕೆಲಸ ಹುಡುಕಿ ಸ್ಕಾಟ್ಲೆಂಡಿನಿಂದ ಬಂದ ನೇಕಾರರು ಜೊತೆಗೆ ತಂದ ಟೆರಿಯರ್‌ಗಳು ಅಲ್ಲಿನ ನಾಯಿಗಳೊಂದಿಗೆ ಬೆರೆತವು; ಇಲಿ ಹಿಡಿಯುವ ಆ ನಾಯಿಗಳು ಇಂದಿನವುಗಳಿಗಿಂತ ದೊಡ್ಡವು. ತಳಿಯ ಮೂಲಪುರುಷ ಎನಿಸಿದ ಹಡ್ಡರ್ಸ್‌ಫೀಲ್ಡ್ ಬೆನ್ 1865ರಲ್ಲಿ ಹುಟ್ಟಿ 1871ರಲ್ಲಿ ಸತ್ತಿತು. ತಾನು ಐದು ಕೆಜಿ ಆಸುಪಾಸಿನದಾದರೂ ಅದಕ್ಕಿಂತ ಬಹಳ ಚಿಕ್ಕ ಮರಿಗಳನ್ನು ಕೊಟ್ಟಿದ್ದಕ್ಕೇ ಅದು ಹೆಸರಾಯಿತು. ಗಾತ್ರವನ್ನು ನಿರ್ಧರಿಸುವುದು ಒಂದೇ ಜೀನ್ ಅಲ್ಲ. ಐಜಿಎಫ್-1 ಎಂಬುದು ಮುಖ್ಯವಾದದ್ದು, ಆದರೆ ಚಿಕ್ಕ ತಳಿಗಳಲ್ಲಿ ಮೈ ಚಿಕ್ಕದಾಗಿಸುವ ಅದರ ರೂಪವೇ ಸಾಮಾನ್ಯ. ಹಾಗಾಗಿ ಒಂದು ಯಾರ್ಕಿಗೂ ಇನ್ನೊಂದಕ್ಕೂ ಇರುವ ಅಂತರ ಹೆಚ್ಚಾಗಿ ಬೇರೆ ಜೀನ್‌ಗಳಿಂದ, ತಾಯಿಯ ಹಾಲಿನಿಂದ, ಜಂತುಹುಳುವಿನಿಂದ ಬರುತ್ತದೆ.

ಆದ್ದರಿಂದ ತಂದೆತಾಯಿಯ ತೂಕವಷ್ಟೇ ಸಾಲದು. ಅಜ್ಜ ಅಜ್ಜಿಯದ್ದೂ, ಹಿಂದಿನ ಸೂಲುಗಳ ಮರಿಗಳದ್ದೂ ಕೇಳಿ. ತಳಿನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಕೊಟ್ಟರೆ ಅದರಲ್ಲಿನ ಮೈಕ್ರೋಚಿಪ್ ಸಂಖ್ಯೆಯನ್ನು ಪಶುವೈದ್ಯರ ಬಳಿ ಸ್ಕ್ಯಾನ್ ಮಾಡಿಸಿ ತಾಳೆ ನೋಡಿ. ಮೂರು ತಲೆಮಾರಿನ ವಂಶಪಟ್ಟಿಯಲ್ಲಿ 14 ಪೂರ್ವಜರಿರಬೇಕು. ಒಂದೇ ಹೆಸರು ತಂದೆಯ ಕಡೆಯೂ ತಾಯಿಯ ಕಡೆಯೂ ಇದೆಯೇ ಎಂದು ಬೆರಳಿಟ್ಟು ಎಣಿಸಿ. ಮರಿಯ ತಂದೆತಾಯಿ ಒಂದೇ ಅಪ್ಪನ ಮಕ್ಕಳಾಗಿದ್ದರೆ ಒಳಸಂತಾನದ (ರಕ್ತಸಂಬಂಧಿಗಳನ್ನೇ ಕೂಡಿಸಿದ್ದರ) ಪ್ರಮಾಣ 12.5%, ಒಡಹುಟ್ಟಿದವಾದರೆ 25%. ಗಾತ್ರ ಇಳಿಸುವ ಆಸೆಯಿಂದ ಹೀಗೆ ಕೂಡಿಸುವವರಿದ್ದಾರೆ. ಅಂಥ ಮರಿ ಬೇಡ.

ಬೆರಕೆಯನ್ನು ಕೂದಲು ಹೇಳುತ್ತದೆ. ಯಾರ್ಕಿಯದ್ದು ರೇಷ್ಮೆಯಂಥ ಒಂದೇ ಪದರ. ಬೆನ್ನ ಮೇಲೆ ಬೈತಲೆ ತೆಗೆದಾಗ ಬುಡದಲ್ಲಿ ಹತ್ತಿಯಂಥ ಒಳಗೂದಲು ದಟ್ಟವಾಗಿದ್ದರೆ ಪೊಮೆರೇನಿಯನ್ನೋ ಶಿಟ್ಜುವೋ ಬೆರೆತಿರುವ ಅನುಮಾನ ಇಟ್ಟುಕೊಳ್ಳಿ. ಮರಿ ಹುಟ್ಟುವಾಗ ಕಪ್ಪು–ಕಂದು. ಉಕ್ಕಿನ ನೀಲಿಗೆ ತಿರುಗಲು ಎರಡು ವರ್ಷವೂ ಬೇಕಾದೀತು. ಬಿಳಿ ಮಚ್ಚೆ ಕಂಡ ಮಾತ್ರಕ್ಕೆ ಬೆರಕೆ ಎನ್ನಬೇಡಿ: ಜರ್ಮನಿಯಲ್ಲಿ 1984ರಲ್ಲಿ ಯಾರ್ಕಿ ಜೋಡಿಗೇ ಅಂಥ ಮರಿ ಹುಟ್ಟಿ, ಬೀವರ್ ಎಂಬ ತಳಿ ಬೆಳೆಯಿತು.

ಅತಿ ಚಿಕ್ಕ ಮರಿಯ ವಿಷಯದಲ್ಲಿ ನಮ್ಮ ದೊಡ್ಡ ಕಾಳಜಿ ಬೇರೆ. ಅದು ವಂಶದಿಂದಲ್ಲ, ಕಾಯಿಲೆಯಿಂದ ಚಿಕ್ಕದಾಗಿರಬಹುದು. ಕರುಳಿನ ರಕ್ತ ಯಕೃತ್ತಿನೊಳಗೆ ಹೋಗದೆ ಅಡ್ಡದಾರಿಯಲ್ಲಿ ಹರಿಯುವ ಜನ್ಮದೋಷ ಯಾರ್ಕಿಗಳಲ್ಲಿ ಹೆಚ್ಚು. ಅಂಥ ಮರಿ ಬೆಳೆಯುವುದಿಲ್ಲ, ಉಂಡ ಮೇಲೆ ಮಂಕಾಗುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಹಸಿದ ಹೊಟ್ಟೆಯಲ್ಲೊಮ್ಮೆ, ಉಣಿಸಿ ಎರಡು ಗಂಟೆಯಾದ ಮೇಲೆ ಮತ್ತೊಮ್ಮೆ ರಕ್ತ ತೆಗೆದು ಮಾಡುವ ಪಿತ್ತಾಮ್ಲ ಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಊರಿನಲ್ಲಿ ಸೌಲಭ್ಯವಿಲ್ಲದಿದ್ದರೆ ಬೀದರ್‌ನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಎಳೆಯ ಮರಿಯ ತೂಕ ಒಂದು ವಾರ ಏರದಿದ್ದರೆ ಮಲ ಪರೀಕ್ಷೆ ಮಾಡಿಸಿ; ಇಳಿದರೆ ಅಂದೇ ವೈದ್ಯರಿಗೆ ತೋರಿಸಿ.

ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಿ ಎಳೆಯಬೇಡಿ, ಈ ತಳಿಯ ಶ್ವಾಸನಾಳ ಮೆದು, ಎದೆಪಟ್ಟಿ ಬಳಸಿ. ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ಮರಿಯನ್ನು ಹಗಲು ಬಸ್ಸಿನಲ್ಲಿ ತರಬೇಡಿ, ರಾತ್ರಿ ತನ್ನಿ. ಒಂದು ಕೆಜಿಗಿಂತ ಕಡಿಮೆ ಇರುವ ಮರಿಗೆ ದಾರಿಯಲ್ಲೂ ಮೂರು–ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಉಣಿಸಲೇಬೇಕು. ಇಲ್ಲವಾದರೆ ರಕ್ತದ ಸಕ್ಕರೆ ಇಳಿದು ತೂರಾಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಸೆಟೆದುಕೊಳ್ಳಲೂಬಹುದು. ಆಗ ಅರ್ಧ ಚಮಚ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿ ಕಲಸಿದ ನೀರನ್ನೋ ಬೆರಳಿನಿಂದ ಒಸಡಿಗೆ ಸವರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಸುರಿಯಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಎದ್ದು ಕೂತರೆ ಕೂಡಲೇ ಉಣಿಸಿ, ಬಟ್ಟೆ ಸುತ್ತಿ ವೈದ್ಯರ ಬಳಿ ಒಯ್ಯಿರಿ, ಏಕೆಂದರೆ ಸಕ್ಕರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಇಳಿಯಬಹುದು.