ಮಾರ್ಚ್ ತಿಂಗಳಲ್ಲಿ ಘಾಟಿಯ ಕೆಂಪು ಹಿಡಿದದ್ದು

ಮಲೆನಾಡಿನ ಫೋಟೋ ಅಂದರೆ ಮಳೆಗಾಲ, ಮಂಜು, ಹಸಿರು. ನಮ್ಮ ಬಳಗದಲ್ಲಿ ಎಲ್ಲರದ್ದೂ ಇದೇ ಮಾತು. ಮಾರ್ಚ್‌ನಲ್ಲಿ ಚಾರ್ಮಾಡಿ ಘಾಟಿಗೆ ಹೊರಟರೆ "ಒಣಗಿದ ಗುಡ್ಡಕ್ಕೆ ಸುಮ್ನೆ ಪೆಟ್ರೋಲ್ ಯಾಕೆ ಸುಡ್ತೀರಿ" ಅಂದವರೇ ಜಾಸ್ತಿ. ಈಗ ಅದೇ ಘಾಟಿಯ ಒಂದು ಫೋಟೋ ಮೂಡಿಗೆರೆ ಕಡೆಯ ಹೋಮ್‌ಸ್ಟೇ ಒಂದರ ಗೋಡೆ ಮೇಲೆ ನಾಲ್ಕಡಿ ಕ್ಯಾನ್ವಾಸ್ ಆಗಿ ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಘಟ್ಟಕ್ಕೆ ಬಣ್ಣ ಬರುವುದು ಚಿಗುರಿನಲ್ಲಿ. ನಾಗಸಂಪಿಗೆ, ಸಾಗಡೆ ಚಿಗುರಿದರೆ ಇಡೀ ಮರ ಕೆಂಪು. ಕೆಲವೇ ದಿನ, ಆಮೇಲೆ ಮತ್ತೆ ಹಸಿರು. ಇದು ನಿಮಗೂ ಗೊತ್ತು. ಆದರೆ ಕಣ್ಣಿಗೆ ಕೆಂಡದ ಹಾಗೆ ಕಂಡ ಮರ ಫೋಟೋದಲ್ಲಿ ಮಾಸಲು ಕಂದು ಆಗುತ್ತದೆ. ಹಲವು ವರ್ಷ ನನ್ನ ದುಡ್ಡು ಹೋದದ್ದು ಇಲ್ಲೇ.

ಮೊದಲು ವೈಡ್ ಲೆನ್ಸ್ ಹಾಕಿದೆ. ಕಣಿವೆ ಪೂರ್ತಿ ಬಂತು, ಕೆಂಪು ಮರಗಳು ಚುಕ್ಕಿಗಳಾದವು. ಆರುನೂರು ರೂಪಾಯಿಯ ಪೋಲರೈಸರ್ (ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಫಿಲ್ಟರ್) ತಂದೆ, ಎಲ್ಲದಕ್ಕೂ ಹಳದಿ ಬಳಿಯಿತು. ಮೂರೂವರೆ ಸಾವಿರದ್ದು ಕೊಂಡೆ. ಎಲೆಯ ಹೊಳಪು ಹೋಯಿತು, ಆದರೆ ಧೂಳು, ಹೊಗೆಯ ಮುಸುಕು ಹೋಗಲಿಲ್ಲ. ಸಂಜೆ ಬೆಳಕು ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲಿ ಸಂಜೆಯ ಬಿಸಿಲು ಮರದ ಮುಖಕ್ಕೇ ಬೀಳುತ್ತದೆ, ಎಲೆ ಚಪ್ಪಟೆಯಾಗಿ ಕಾಣುತ್ತದೆ.

ಕೈ ಹಿಡಿದದ್ದು ಬೆಳಗಿನ ಎದುರು ಬೆಳಕು. ಘಾಟಿ ಪಡುವಣಕ್ಕೆ ಮುಖ ಮಾಡಿದೆ, ಅಲ್ವಾ? ಹಾಗಾಗಿ ಸೂರ್ಯ ದಿಬ್ಬದ ಮೇಲೆ ಬರುವುದು ತಡ. ಕೆಳಗಿನ ತಿರುವಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ, ಎಂಟು ಗಂಟೆ ಆಚೆಗೆ ಬಿಸಿಲು ಚಿಗುರನ್ನು ತೂರಿಕೊಂಡು ಬರುತ್ತದೆ. ಮರದ ಹಿಂದಿನ ಕಣಿವೆ ಇನ್ನೂ ನೆರಳಲ್ಲಿರುತ್ತದೆ. ಆ ಕಪ್ಪಿನ ಮುಂದೆ ಕೆಂಪು ಉರಿಯುತ್ತದೆ. ಇದು ಸಿಗುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ ಅಷ್ಟೇ. ಪೋಲರೈಸರ್ ಆಗ ಬ್ಯಾಗಿನಲ್ಲಿರಲಿ. ಸೂರ್ಯ ಎದುರಿದ್ದಾಗ ಅದರಿಂದ ಲಾಭ ಕಡಿಮೆ, ಬೆಳಕು ಮಾತ್ರ ತಿನ್ನುತ್ತದೆ.

ಲೆನ್ಸ್ ಹಳೆಯ 55-250 ಎಂಎಂ ಜೂಮ್. ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್, ಎಂಟು ಸಾವಿರದ ಆಸುಪಾಸು. ಲಕ್ಷದ ಲೆನ್ಸ್ ಇದ್ದವರಿಗಿಂತ ನನ್ನ ಕೆಂಪು ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಜೂಮ್ 200ರ ಹತ್ತಿರ ಇಟ್ಟು, ಕ್ಯಾಮೆರಾ ಲಂಬವಾಗಿ ಹಿಡಿದು, ಪಕ್ಕಪಕ್ಕದ ಐದಾರು ಫ್ರೇಮ್ ತೆಗೆದು ಒಂದೇ ಚಿತ್ರವಾಗಿ ಜೋಡಿಸುತ್ತೇನೆ. ಚಿಗುರು ಗಾಳಿಗೆ ಸದಾ ಅಲ್ಲಾಡುತ್ತಿರುತ್ತದೆ, ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನಕ್ಕೆ ಇಳಿಸಬೇಡಿ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್‌ನಲ್ಲಿ ಕೆಂಪು ಚಾನೆಲ್ ಒಂದನ್ನೇ ನೋಡಿ. ಒಟ್ಟು ಬೆಳಕಿನ ಬಿಳಿ ಗೆರೆ ಸರಿಯಾಗೇ ಕಾಣುತ್ತದೆ, ಅಷ್ಟರಲ್ಲಿ ಕೆಂಪು ಸುಟ್ಟುಹೋಗಿರುತ್ತದೆ, ಅಂದರೆ ಬೆಳಕು ಹೆಚ್ಚಾಗಿ ವಿವರವೆಲ್ಲ ಅಳಿಸಿರುತ್ತದೆ. ನಾನು ಬೆಳಕನ್ನು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಮುಕ್ಕಾಲು ಸ್ಟಾಪ್‌ನಷ್ಟು ಕಡಿಮೆ ಇಡುತ್ತೇನೆ. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್‌ನಲ್ಲಿ ಆ ಕೆಂಪನ್ನು ಹೇಗೆ ಎಬ್ಬಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆ ತಿರುವು ಯಾವುದು ಅಂತಲೂ ಹೇಳುವುದಿಲ್ಲ. ಇಕ್ಕಟ್ಟಾದ ರಸ್ತೆ, ನಾಲ್ಕು ಕಾರು ನಿಂತರೆ ಬಸ್ಸು ಹೋಗುವುದಿಲ್ಲ.

ಇನ್ನು ಮುಸುಕಿನ ಮಾತು. ಅದಕ್ಕೆ ಮದ್ದು ಮಳೆ ಒಂದೇ. ಬೇಸಿಗೆಯ ಮೊದಲ ಜೋರು ಮಳೆ ಬಿದ್ದ ಮಾರನೇ ಬೆಳಿಗ್ಗೆ ಗಾಳಿ ತೊಳೆದಿರುತ್ತದೆ, ಎಲೆಯ ಧೂಳೂ ಹೋಗಿರುತ್ತದೆ. ಘಾಟಿಯ ಮೇಲಿನ ಕೊಟ್ಟಿಗೆಹಾರದಲ್ಲಿ ಚಹಾ ಅಂಗಡಿಯವರ ನಂಬರ್ ಇಟ್ಟುಕೊಂಡಿದ್ದೇನೆ. ಮಳೆ ಬಂದರೆ ಫೋನ್ ಬರುತ್ತದೆ, ರಾತ್ರಿಯೇ ಹೊರಡುತ್ತೇನೆ. ಪೆಟ್ರೋಲು, ಊಟ, ರೂಮು ಸೇರಿ ಒಂದು ಸಲಕ್ಕೆ ಐದು ಸಾವಿರ ಆಗುತ್ತದೆ.

ಅದೇ ಮಳೆಯಿಂದ ಇನ್ನೊಂದು ಪ್ರಯೋಗ ಹುಟ್ಟಿತು. ಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ದಿನ ಎಣಿಸಿ ಸಕಲೇಶಪುರದ ಕಡೆ ಹೋದೆ. ರೊಬಸ್ಟಾ ತೋಟ ಬೆಳ್ಳಗಾಗಿತ್ತು, ಆದರೆ ಬಿಸಿಲೇರಿದ ಮೇಲೆ ಬಿಳಿಯೆಲ್ಲ ಸುಟ್ಟು ಬಂತು. ನೆರಳು ಮರಗಳ ಅಡಿಯಲ್ಲಿ, ಬೆಳಿಗ್ಗೆ ಬಿಸಿಲು ಒಳಗೆ ಬೀಳುವ ಮೊದಲು ತೆಗೆದವು ಮಾತ್ರ ಉಳಿದವು. ಪರಿಮಳ ಮಾತ್ರ ಯಾವ ಲೆನ್ಸಿಗೂ ಸಿಗುವುದಿಲ್ಲ.

ಪ್ರಿಂಟ್ ಮಾಡಿಸುವವರಿಗೆ ಒಂದು ಮಾತು. ಹೊಳಪಿಲ್ಲದ ಮ್ಯಾಟ್ ಕ್ಯಾನ್ವಾಸ್‌ನಲ್ಲಿ ಈ ಕೆಂಪು ಮಂಕಾಗುತ್ತದೆ. ಮೊದಲು ಅದೇ ಬಟ್ಟೆಯ ಮೇಲೆ ಎ4 ಅಳತೆಯ ತುಂಡು ತೆಗೆಸಿ, ಹಗಲು ಬೆಳಕಲ್ಲಿ ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿ.