ಬೆಣೆ, ಬಿಲ್ಲೆ ಮತ್ತು ಮೂರು ರಿವಾಲ್ವರ್‌ಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಮೂವತ್ತು ವರ್ಷ ಹೈಡ್ರಾಲಿಕ್ ಸಿಲಿಂಡರ್‌ಗಳಿಗೆ ಬೋರಿಂಗ್ ಮಾಡಿದವನು ನಾನು. ರಿವಾಲ್ವರ್‌ನ ಸಿಲಿಂಡರ್, ಅಂದರೆ ಮದ್ದುಗುಂಡು ತುಂಬುವ ತಿರುಗುವ ಉರುಳೆ, ಕೈಗೆ ಸಿಕ್ಕಿದ್ದು ಹೋದ ವರ್ಷ, ಪೆನ್ಸಿಲ್ವೇನಿಯಾದ ಮಗಳ ಮನೆಯಲ್ಲಿ. ಅಳಿಯನಿಗೆ ಕರಿಮದ್ದಿನ ಹಳೆಯ ರಿವಾಲ್ವರ್‌ಗಳ ಹುಚ್ಚು. ನೆರೆಯವರು ಮಾರಲಿಟ್ಟ ಮೂರು ಪ್ರತಿಕೃತಿಗಳನ್ನು ಗ್ಯಾರೇಜಿನ ಮೇಜಿನ ಮೇಲೆ ಹರವಿ, “ಮಾವ, ಒಂದನ್ನು ಕೊಳ್ಳಬೇಕು. ಯಾವುದೆಂದು ನೀವೇ ಹೇಳಿ” ಎಂದರು. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿಗೆ, ಅಂದರೆ ಕೇಪಿಟ್ಟು ಹಾರಿಸುವ ಇಂಥವನ್ನು ಅಲ್ಲಿನ 1968ರ ಕಾಯ್ದೆ ಬಂದೂಕಿನ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮಲ್ಲಾದರೆ ಪರವಾನಗಿ ಇಲ್ಲದೆ ಮುಟ್ಟುವಂತಿಲ್ಲ.

ಮೂರೂ ಇಟಲಿಯ ಬ್ರೆಶಿಯಾ ಸೀಮೆಯಲ್ಲಿ ತಯಾರಾದವು. ಎಲ್ಲಕ್ಕಿಂತ ಅಗ್ಗದ್ದು ಹಿತ್ತಾಳೆ ಚೌಕಟ್ಟಿನ 1851ರ ಕೋಲ್ಟ್ ನೇವಿ. ನಮ್ಮ ಹಲಗಲಿಯ ಬೇಡರು ಆಯುಧ ಒಪ್ಪಿಸೆವೆಂದು 1857ರಲ್ಲಿ ಸಿಡಿದೆದ್ದಾಗ ಇದರ ಮೂಲ ಮಾದರಿ ಅಮೆರಿಕದಲ್ಲಿ ತಯಾರಾಗುತ್ತಿತ್ತು, ಆದರೆ ಉಕ್ಕು ಕಬ್ಬಿಣದಲ್ಲಿ. ಹಿತ್ತಾಳೆ ಹೊಳೆಯುತ್ತದೆ ನಿಜ. ಸಿಲಿಂಡರ್ ತೆಗೆದು ಚೌಕಟ್ಟಿನ ಹಿಂದಿನ ಗೋಡೆಗೆ ಬ್ಯಾಟರಿ ಹಿಡಿದೆ. ಸಿಲಿಂಡರ್‌ನ ಹಲ್ಲುಗಳು ಮೆತ್ತನೆಯ ಲೋಹದಲ್ಲಿ ಉಂಗುರದಂತೆ ಅಚ್ಚೊತ್ತಿದ್ದವು. ಬಿರುಸಾಗಿ ಮದ್ದು ತುಂಬಿ ಹಾರಿಸಿದ ಗುರುತು ಅದು. ಅದನ್ನು ಅಲ್ಲಿಗೇ ಬದಿಗಿಟ್ಟೆ.

ಎರಡನೆಯದು 1860ರ ಕೋಲ್ಟ್ ಆರ್ಮಿ, ಉಕ್ಕಿನದು, ಮೂರರಲ್ಲಿ ದುಬಾರಿ. ನೀಲಿ ಬಣ್ಣ, ಮರದ ಹಿಡಿ ಎಲ್ಲವೂ ಸೊಗಸು. ಆದರೆ ನಳಿಕೆಯನ್ನು ಹಿಡಿದಿಡುವ ಬೆಣೆಯನ್ನು ಬಿಗಿದರೆ ಸಿಲಿಂಡರ್ ತಿರುಗದು, ಸಡಿಲಿಸಿದರೆ ನಳಿಕೆಯೇ ಅಲುಗಾಡುವುದು. ಈ ಮಾದರಿಯ ಚೌಕಟ್ಟಿಗೆ ಸಿಲಿಂಡರ್ ಮೇಲೆ ಹಾಯುವ ಮೇಲ್ಪಟ್ಟಿ ಇಲ್ಲ. ಚೌಕಟ್ಟಿನಿಂದ ಮುಂದಕ್ಕೆ ಚಾಚಿದ, ಸಿಲಿಂಡರ್ ತಿರುಗುವ ಅಚ್ಚಾದ ದಪ್ಪ ಆರ್ಬರ್‌ಗೆ ನಳಿಕೆಯನ್ನು ತೊಡಿಸಿ ಅಡ್ಡಲಾಗಿ ಬೆಣೆ ಹೊಡೆಯುತ್ತಾರೆ. ಆರ್ಬರ್‌ನ ತುದಿ ನಳಿಕೆಯ ಕೆಳಗಿನ ತೂತಿನ ತಳ ಮುಟ್ಟಲೇಬೇಕು. ಸಿಲಿಂಡರ್ ಇಲ್ಲದೆಯೇ ನಳಿಕೆಯನ್ನು ಓರೆಯಾಗಿ ತೊಡಿಸಿ ಕೊನೆಯವರೆಗೆ ಒತ್ತಿದೆ. ನಳಿಕೆಯ ಕೆಳಭಾಗವು ಚೌಕಟ್ಟಿನ ಮೋರೆಗೆ ಸಮನಾಗಿ ನಿಲ್ಲಬೇಕಿತ್ತು, ಅದನ್ನು ದಾಟಿ ಹಿಂದಕ್ಕೆ ಬಂತು. ಆರ್ಬರ್ ಗಿಡ್ಡ!

ನೆರೆಯವರ ಒಪ್ಪಿಗೆ ಪಡೆದು ಉಕ್ಕಿನದೊಂದು ಸಣ್ಣ ಬಿಲ್ಲೆ ಕತ್ತರಿಸಿ, ಅರದಿಂದ ಉಜ್ಜುತ್ತ, ತೂತಿಗೆ ಹಾಕಿ ತೆಗೆಯುತ್ತ ಅರ್ಧ ದಿನ ಕಳೆದೆ. ನಳಿಕೆಗೂ ಸಿಲಿಂಡರ್‌ಗೂ ನಡುವೆ ಸಂದು ಅಳೆಯುವ ಫೀಲರ್ ಗೇಜಿನ 0.15 ಮಿಲಿಮೀಟರ್ ಎಲೆ ಹಿತವಾಗಿ ಜಾರುವಷ್ಟು ಸಂದು ಬಂದಾಗ ನಿಲ್ಲಿಸಿದೆ. ಆಮೇಲೆ ಬೆಣೆ ಎಷ್ಟು ಬಿಗಿದರೂ ಸಿಲಿಂಡರ್ ಒಂದೇ ಸಮನೆ ತಿರುಗಿತು. ದುಡ್ಡು ಕೊಟ್ಟವನು ಈ ಕೆಲಸ ತಾನೇ ಮಾಡಿಕೊಳ್ಳಬೇಕೆಂದರೆ ನನ್ನ ಗಿರಾಕಿಗಳು ನನ್ನನ್ನು ಬಿಡುತ್ತಿದ್ದರೇ?

ಮೂರನೆಯದು ರೆಮಿಂಗ್ಟನ್ ಮಾದರಿ, ಅದಕ್ಕೆ ಆ ರಗಳೆಯೇ ಇಲ್ಲ. ಮೇಲ್ಪಟ್ಟಿ ಇರುವ ಒಂದೇ ತುಂಡಿನ ಚೌಕಟ್ಟು. ಪಿನ್ನು ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಬೆಲೆಯೂ ಕಡಿಮೆ. ನಾನು ಇದನ್ನೇ ಹೇಳುವವನಿದ್ದೆ. ಆದರೆ ಹಾರಿಸಿ ನೋಡಲು ಹೋದ ಮೈದಾನದಲ್ಲಿ ಮೂರನೆಯ ಸುತ್ತು ತುಂಬುವಷ್ಟರಲ್ಲಿ ಮದ್ದಿನ ಮಸಿ ಅದರ ಸಣ್ಣ ಪಿನ್ನಿಗೆ ಅಂಟಿ, ಸಿಲಿಂಡರನ್ನು ಕೈಯಿಂದ ತಿರುವಬೇಕಾಯಿತು. ಗ್ರೀಸು ಹಿಡಿಯುವ ಕೊರೆದ ಗೆರೆಗಳಿರುವ ಕೋಲ್ಟ್‌ನ ದಪ್ಪ ಆರ್ಬರ್ ಮಾತ್ರ ಸಂಜೆಯವರೆಗೂ ಸಲೀಸಾಗಿ ನಡೆಯಿತು. ಒಡೆದ ಕೇಪಿನ ಚೂರು, ಕೇಪಿಗೆ ಬಡಿಯುವ ಹ್ಯಾಮರ್ ಸಂದಿಗೆ ಬಿದ್ದು ಎರಡು ಸಲ ಸಿಕ್ಕಿಕೊಂಡದ್ದೂ ಕೋಲ್ಟೇ ಎನ್ನಬೇಕು.

ಅಳಿಯ ಬಿಲ್ಲೆ ಹಾಕಿದ ಕೋಲ್ಟನ್ನೇ ಕೊಂಡರು. ಕರಿಮದ್ದಿನ ಮಸಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆಂದು ಅಂದೇ ಬಿಸಿನೀರು, ಸೋಪಿನಲ್ಲಿ ತೊಳೆದೆವು. ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬಿತು. ಆ ಪಾತ್ರೆಯನ್ನು ಮಗಳು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.