ಕೀಲುವಾತ ಇದ್ದಾಗ ಬಸಿರು: ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು

ರುಮಟಾಯ್ಡ್ ಆರ್ಥ್ರೈಟಿಸ್‌ನಂಥ ಉರಿಯೂತದ ಕೀಲುವಾತ ಇದ್ದವರಿಗೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ರೋಗ ಜೋರಾಗಿದ್ದರೆ ಗರ್ಭ ನಿಲ್ಲಲು ಹೆಚ್ಚು ತಿಂಗಳು ಹಿಡಿಯಬಹುದು, ಅಷ್ಟೇ. ಎಡವಟ್ಟಾಗುವುದು ಬೇರೆ ಎರಡು ಕಡೆ. ಬಿಡಲೇಬೇಕಾದ ಮಾತ್ರೆ ನುಂಗುತ್ತಿರುವಾಗಲೇ ಗರ್ಭ ನಿಲ್ಲುತ್ತದೆ. ಇಲ್ಲವೇ ಮುಟ್ಟು ನಿಂತ ಕೂಡಲೇ ಹೆದರಿ ಎಲ್ಲ ಮಾತ್ರೆ ಬಿಟ್ಟು, ಕೆಲವೇ ವಾರಗಳಲ್ಲಿ ಮಣಿಕಟ್ಟು, ಮೊಣಕಾಲು ಊದಿಕೊಳ್ಳುತ್ತವೆ. ಆದ್ದರಿಂದ ಮಗು ಬೇಕು ಅಂತ ಮನಸ್ಸು ಮಾಡಿದ ದಿನದಿಂದ ಆರು ತಿಂಗಳು ತಯಾರಿಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಗರ್ಭನಿರೋಧಕ ಬಿಡಬೇಡಿ.

ಮೊದಲ ಕೆಲಸ, ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡು ಹಿಂಬದಿಯ ಸಣ್ಣ ಅಕ್ಷರ ಓದುವುದು. ಕಂಪನಿಯ ಹೆಸರಲ್ಲ, ಔಷಧದ ಹೆಸರು ಬೇಕು.

ವಾರಕ್ಕೊಂದೇ ದಿನ ನುಂಗುವ ಮಾತ್ರೆ ಬಹುಮಟ್ಟಿಗೆ ಮೆಥೊಟ್ರೆಕ್ಸೇಟ್. ಇದು ಗರ್ಭಪಾತಕ್ಕೂ ಮಗುವಿನ ಅಂಗದೋಷಕ್ಕೂ ಕಾರಣವಾಗುತ್ತದೆ. ಗರ್ಭಕ್ಕೆ ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು. ಮೂರು ತಿಂಗಳು ಇಟ್ಟುಕೊಳ್ಳುವುದೇ ಲೇಸು, ಯಾಕಂದರೆ ಬದಲಿ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲೂ ಅಷ್ಟು ಕಾಲ ಬೇಕು. ಲೆಫ್ಲುನೊಮೈಡ್ ಇನ್ನೂ ಹಟಮಾರಿ. ನಿಲ್ಲಿಸಿದ ಮೇಲೂ ಎರಡು ವರ್ಷದವರೆಗೆ ಮೈಯಲ್ಲಿ ಉಳಿಯಬಹುದು. ಅದನ್ನು ಹೊರಹಾಕಲು ಕೊಲೆಸ್ಟಿರಮೈನ್ ಪುಡಿಯನ್ನು 8 ಗ್ರಾಂನಂತೆ ದಿನಕ್ಕೆ ಮೂರು ಸಲ, 11 ದಿನ ಕೊಡುತ್ತಾರೆ. ಆಮೇಲೆ ರಕ್ತದಲ್ಲಿನ ಮಟ್ಟ ಲೀಟರಿಗೆ 0.02 ಮಿಲಿಗ್ರಾಂಗಿಂತ ಕೆಳಗಿದೆಯೇ ಎಂದು 14 ದಿನಗಳ ಅಂತರದಲ್ಲಿ ಎರಡು ಸಲ ನೋಡಬೇಕು. ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್ ಕೂಡ ಮೊದಲೇ ನಿಲ್ಲಬೇಕು.

ಇವು ನಡೆಯುತ್ತಿರುವಾಗಲೇ ಗರ್ಭ ನಿಂತುಬಿಟ್ಟರೆ ಆ ಮಾತ್ರೆಯನ್ನು ಅವತ್ತೇ ನಿಲ್ಲಿಸಿ, ಆ ವಾರವೇ ವೈದ್ಯರನ್ನು ಕಾಣಿ. ಗರ್ಭ ತೆಗೆಸಲೇಬೇಕು ಅಂತ ತಾನಾಗಿ ಆಗುವುದಿಲ್ಲ; ವಿವರವಾದ ಸ್ಕ್ಯಾನ್ ನೋಡಿ ನಿರ್ಧರಿಸುವ ವಿಷಯ ಅದು.

ಮುಂದುವರಿಸಬಹುದಾದವು ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಮತ್ತು ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್. ಸಲ್ಫಾಸಲಜಿನ್ ಫೋಲಿಕ್ ಆಮ್ಲವನ್ನು ಮೈಗೆ ಹತ್ತಗೊಡುವುದಿಲ್ಲ. ಹಾಗಾಗಿ ಈ ಮಾತ್ರೆ ಇರುವವರಿಗೆ, ಮೆಥೊಟ್ರೆಕ್ಸೇಟ್ ಈಚೆಗೆ ಬಿಟ್ಟವರಿಗೂ, ದಿನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಮ್ಲ ಬೇಕು. ಗರ್ಭಕ್ಕೆ ಮೊದಲೇ ಶುರುಮಾಡಿ 12ನೇ ವಾರದವರೆಗೆ ನುಂಗಬೇಕು. ಆಶಾ ಕಾರ್ಯಕರ್ತೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲಿ ಇರುವುದು ಅರ್ಧ ಮಿಲಿಗ್ರಾಂ ಮಾತ್ರ. ಇದು ಅದಕ್ಕೆ ಬದಲಿ ಅಲ್ಲ.

ಮಾತ್ರೆ ಬದಲಾದ ಮೇಲೆ ಮೂರರಿಂದ ಆರು ತಿಂಗಳು ರೋಗ ತಣ್ಣಗಿದೆಯೇ ನೋಡಿ. ಮುಂಜಾನೆ ಎದ್ದಾಗ ಬೆರಳು ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ರೊಟ್ಟಿ ಬಡಿಯುವಾಗ ಅಂಗೈ ಬುಡ ನೋಯುತ್ತದೆಯೇ ಎಂಬುದನ್ನೂ ಸೇರಿಸಿ. ವೈದ್ಯರಿಗೆ ಇದು ಬಲು ಉಪಯೋಗ. ಇದೇ ಹೊತ್ತಿಗೆ ಆಂಟಿ-ರೋ, ಆಂಟಿ-ಲಾ ಮತ್ತು ಫಾಸ್ಫೊಲಿಪಿಡ್ ಪ್ರತಿಕಾಯಗಳ (ಸ್ವಂತ ಮೈಯ ವಿರುದ್ಧವೇ ರಕ್ತದಲ್ಲಿ ಹುಟ್ಟುವ ಅಂಶಗಳ) ರಕ್ತಪರೀಕ್ಷೆ ಒಮ್ಮೆ ಆಗಲಿ. ಆಂಟಿ-ರೋ ಇದ್ದರೆ ನೂರರಲ್ಲಿ ಸುಮಾರು ಎರಡು ಶಿಶುಗಳ ಹೃದಯದ ಬಡಿತಕ್ಕೆ ತಡೆ ಬರಬಹುದು. ಅಂಥವರಿಗೆ 16-18ನೇ ವಾರದಿಂದ ಶಿಶುವಿನ ಹೃದಯದ ಸ್ಕ್ಯಾನ್ ಮಾಡುತ್ತಾರೆ.

ನೋವಿನ ಮಾತ್ರೆಗಳ ಬಗ್ಗೆ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಅಂಡ ಹೊರಬೀಳುವುದನ್ನೇ ತಡೆಯಬಹುದು. ತಿಂಗಳುಗಟ್ಟಲೆ ಪ್ರಯತ್ನಿಸಿಯೂ ಗರ್ಭ ನಿಲ್ಲದವರು ಮೊದಲು ಇದನ್ನು ಬಿಟ್ಟು ನೋಡಬೇಕು. 20ನೇ ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು; ಕೊನೆಯ ಮೂರು ತಿಂಗಳಲ್ಲಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕು. ಹೆಸರಿಲ್ಲದ ವಾತದ ಪುಡಿ, ಗುಳಿಗೆಗಳನ್ನು ದೂರವಿಡಿ. ಅವುಗಳಲ್ಲಿ ಸ್ಟೀರಾಯ್ಡೋ ಸೀಸವೋ ಬೆರೆತಿರಬಹುದು.

ಗರ್ಭ ನಿಂತ ಮೇಲೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೀಲುನೋವು ಇಳಿಯುತ್ತದೆ. ಬೆನ್ನುಮೂಳೆಯ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಲ್ಲಿ ಈ ನೆಮ್ಮದಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಸಿರಲ್ಲಿ ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) ತಾನಾಗಿಯೇ ಏರುವುದರಿಂದ ಅದನ್ನು ನೋಡಿ ಗಾಬರಿ ಬೀಳಬೇಡಿ, ಉರಿಯೂತದ ಇನ್ನೊಂದು ಪರೀಕ್ಷೆಯಾದ ಸಿಆರ್‌ಪಿ ಕೇಳಿ.

ನಮ್ಮ ಕಡೆಯ ದೊಡ್ಡ ತೊಡಕು ಬೇರೆಯೇ ಇದೆ. ಕೀಲಿನ ವೈದ್ಯರನ್ನು ತೋರಿಸುವುದು ಹುಬ್ಬಳ್ಳಿ-ಧಾರವಾಡದಲ್ಲಿ, ತಿಂಗಳ ತಪಾಸಣೆ ಗಂಡನ ಊರಲ್ಲಿ, ಕುಬಸ ಮುಗಿದ ಮೇಲೆ ಹೆರಿಗೆ ಗದಗ, ಹಾವೇರಿ ಕಡೆಯ ತವರಲ್ಲಿ. ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ತಾಯಿ ಕಾರ್ಡಿನಲ್ಲೇ ಮಾತ್ರೆಯ ಹೆಸರು, ಪ್ರಮಾಣ ಬರೆಸಿ, ಫೈಲನ್ನು ಸೀರೆಗಳ ಜೊತೆಗೇ ಚೀಲಕ್ಕೆ ಹಾಕಿ. ಕುತ್ತಿಗೆಯ ಕೀಲು ಸವೆದಿದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಾಗಬೇಕು. ಸೊಂಟದ ಕೀಲು ಚೆನ್ನಾಗಿದ್ದರೆ ಸಹಜ ಹೆರಿಗೆಗೆ ಅಡ್ಡಿಯಿಲ್ಲ.

ಕೊನೆಯ ಮೂರು ತಿಂಗಳಲ್ಲಿ ಅಡಾಲಿಮುಮ್ಯಾಬ್‌ನಂಥ ಬಯಾಲಾಜಿಕ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ) ಚುಚ್ಚುಮದ್ದು ಆಗಿದ್ದರೆ ಮಗುವಿಗೆ ಆರು ತಿಂಗಳು ತುಂಬುವವರೆಗೆ ಬಿಸಿಜಿ ಹಾಕಿಸಬಾರದು. ಹುಟ್ಟಿದ ಕೂಡಲೇ ಹಾಕುವ ಲಸಿಕೆ ಅದು. ಹಾಗಾಗಿ ಹೆರಿಗೆ ಕೋಣೆಗೆ ಹೋಗುವ ಮೊದಲೇ ನರ್ಸಿಗೆ ಹೇಳಿ, ಫೈಲಿನ ಮೇಲೆ ದಪ್ಪಕ್ಷರದಲ್ಲೂ ಬರೆದಿಡಿ. ಆರು ವಾರಕ್ಕೆ ಹಾಕುವ ರೋಟಾವೈರಸ್ ಹನಿಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಹೆತ್ತ ಮೂರು ತಿಂಗಳೊಳಗೆ ನೋವು ಮರಳುವುದು ಸಾಮಾನ್ಯ. ಇದನ್ನು ಬಾಣಂತಿ ವಾತ ಅಂತ ಶಾಖ ಕೊಟ್ಟು, ಅಂಟಿನುಂಡಿ ತಿನ್ನಿಸಿ ಕೂಡಿಸಬೇಡಿ. ಅದು ಹಳೆಯ ರೋಗವೇ. ಹೆರಿಗೆಯಾಗಿ ನಾಲ್ಕರಿಂದ ಆರು ವಾರದಲ್ಲಿ ಕೀಲಿನ ವೈದ್ಯರ ಭೇಟಿ ಮೊದಲೇ ಗೊತ್ತು ಮಾಡಿಕೊಳ್ಳಿ. ಮಗುವನ್ನು ಬೆರಳಲ್ಲಿ ಹಿಡಿದೆತ್ತದೆ ಮುಂಗೈ ಕೆಳಗೆ ತೂರಿಸಿ ಎತ್ತಿ, ಮಗ್ಗುಲಾಗಿ ಮಲಗಿ ಹಾಲೂಡಿ. ಹೈಡ್ರಾಕ್ಸಿಕ್ಲೋರೊಕ್ವಿನ್, ಪ್ರೆಡ್ನಿಸೊಲೋನ್ ನಡೆಯುವಾಗ ಹಾಲು ಕುಡಿಸಬಹುದು. ಪ್ರೆಡ್ನಿಸೊಲೋನ್ 20 ಮಿಲಿಗ್ರಾಂ ದಾಟಿದ್ದರೆ ನುಂಗಿದ ನಾಲ್ಕು ಗಂಟೆಯ ನಂತರ. ಮೆಥೊಟ್ರೆಕ್ಸೇಟ್ ಮತ್ತೆ ಶುರುವಾಗುವುದು ಮಗು ಎದೆಹಾಲು ಬಿಟ್ಟ ಮೇಲೆ, ಅದೂ ಗರ್ಭನಿರೋಧಕ ಖಾತ್ರಿಯಾದ ಮೇಲೆ.